ಟ್ರೆಂಡ್ ಪಟ್ಟಿಗೆ ಒತ್ತಕ್ಷರ ಕಾಣುವುದಿಲ್ಲ

ಬಣ್ಣದ ಮಾದರಿಪುಸ್ತಕಗಳನ್ನು ಮಾರುವ ಪ್ಯಾಂಟೋನ್ ಸಂಸ್ಥೆ 2025ರ ಬಣ್ಣವೆಂದು ‘ಮೋಕಾ ಮೂಸ್’ ಎಂಬ ಕಂದು ಬಣ್ಣವನ್ನು ಘೋಷಿಸಿತ್ತು. 2026ಕ್ಕೆ ಅದು ಆರಿಸಿದ್ದು ‘ಕ್ಲೌಡ್ ಡ್ಯಾನ್ಸರ್’. ನೋಡಿದವರ ಕಣ್ಣಿಗೆ ಅದು ಬಿಳಿ. ಬಿಳಿಯನ್ನೂ ಹೊಸತೆಂದು ಮಾರಬಹುದು ಎಂದು ತೋರಿಸಿಕೊಟ್ಟದ್ದಕ್ಕಾದರೂ ಆ ಸಂಸ್ಥೆಗೆ ಕೃತಜ್ಞರಾಗಿರಬೇಕು. ಬಣ್ಣದ ಹಿಂದೆಯೇ ವೆಬ್ ವಿನ್ಯಾಸದ ಟ್ರೆಂಡ್ ಪಟ್ಟಿಗಳು ಬರುತ್ತವೆ: ಈ ವರ್ಷ ಗಾಜಿನ ನೋಟ, ಈ ವರ್ಷ ಭಾರೀ ಅಕ್ಷರ, ಈ ವರ್ಷ ಚೌಕಗಳ ಜೋಡಣೆ. ಇವುಗಳಲ್ಲಿ ಹೆಚ್ಚಿನವನ್ನು ಪ್ರಕಟಿಸುವವರು ವಿನ್ಯಾಸದ ತಂತ್ರಾಂಶವನ್ನೋ ಸಿದ್ಧ ಟೆಂಪ್ಲೇಟುಗಳನ್ನೋ ಮಾರುವ ಕಂಪನಿಗಳು. ಓದುವವರಲ್ಲಿ ಮೈಸೂರಿನ ಕುವೆಂಪುನಗರದಲ್ಲೋ ಗೋಕುಲಂನಲ್ಲೋ ಮನೆಯ ಮಹಡಿಯ ಮೇಲೆ ಕೆಲವು ಕಂಪ್ಯೂಟರ್‌ಗಳನ್ನಿಟ್ಟುಕೊಂಡು ದುಡಿಯುವ ಸಣ್ಣ ತಂಡಗಳೂ ಸೇರಿವೆ. ಅವರಿಗೆ ಕೆಲಸ ಕೊಡುವವರು ಹೋಂಸ್ಟೇ ಮಾಲೀಕರು, ಯೋಗ ಶಾಲೆಗಳು, ನರ್ಸಿಂಗ್ ಹೋಂಗಳು, ರೇಷ್ಮೆ ಸೀರೆಯ ಅಂಗಡಿಗಳು, ಮಂಡ್ಯದ ಕಡೆಯಿಂದ ಸಾವಯವ ಬೆಲ್ಲ ಮಾರುವವರು.

ಈ ಪಟ್ಟಿಗಳು ಸುಳ್ಳು ಹೇಳುತ್ತವೆ ಎಂದೇನಲ್ಲ. ಅವು ಮಾರುವವರ ವರ್ಷ ಹೇಗಿತ್ತು ಎಂಬುದನ್ನು ಸಾಕಷ್ಟು ನಿಜವಾಗಿಯೇ ಹೇಳುತ್ತವೆ. ತೊಂದರೆ ಶುರುವಾಗುವುದು ನಾವು ಅವನ್ನು ನಮ್ಮ ವರ್ಷದ ಲೆಕ್ಕವೆಂದು ತಿಳಿದಾಗ. ವಿನ್ಯಾಸದ ವಿಚಾರಗಳನ್ನು ನೋಟದ ಹೆಸರಿನಲ್ಲೋ ಇಸವಿಯ ಹೆಸರಿನಲ್ಲೋ ಎತ್ತಿಟ್ಟವರಿಗೆ ಅವು ಮತ್ತೆ ಒದಗುವುದು ಅಪರೂಪ. ಆ ವಿಚಾರ ಯಾರ ಯಾವ ಕಷ್ಟವನ್ನು ನೀಗಿತು ಎಂದು ಬರೆದಿಟ್ಟವರಿಗೆ ಒದಗುತ್ತದೆ. ಕನ್ನಡದಲ್ಲಿ ಪುಟ ಕಟ್ಟುವವರಿಗಂತೂ ಬೇರೆ ದಾರಿಯೇ ಇಲ್ಲ, ಏಕೆಂದರೆ ಅವರ ಕಷ್ಟಗಳು ಆ ಪಟ್ಟಿಗಳಲ್ಲಿ ಬರುವುದೇ ಇಲ್ಲ.

ಕಳೆದ ವರ್ಷದ ದೊಡ್ಡ ಸುದ್ದಿಯಾಗಿದ್ದ ಗಾಜಿನ ನೋಟವನ್ನೇ ತೆಗೆದುಕೊಳ್ಳೋಣ. ಆಪಲ್ 2025ರ ಜೂನ್‌ನಲ್ಲಿ ‘ಲಿಕ್ವಿಡ್ ಗ್ಲಾಸ್’ ಎಂಬ ವಿನ್ಯಾಸವನ್ನು ಪ್ರಕಟಿಸಿತು. ಸೆಪ್ಟೆಂಬರ್ 15ರಂದು ಐಒಎಸ್ 26ರ ಜೊತೆಗೆ ಅದು ಫೋನುಗಳಿಗೆ ಇಳಿಯಿತು. ಗುಂಡಿಗಳು, ಪಟ್ಟಿಗಳು ಎಲ್ಲವೂ ಪಾರದರ್ಶಕ. ಹಿಂದಿನ ಚಿತ್ರ ಮುಂದಿನ ಅಕ್ಷರವನ್ನು ನುಂಗುತ್ತದೆ, ಓದಲಾಗುವುದಿಲ್ಲ ಎಂಬ ದೂರುಗಳು ಕೂಡಲೇ ಬಂದವು. ನವೆಂಬರ್‌ನಲ್ಲಿ ಬಂದ 26.1ನೇ ಆವೃತ್ತಿಯಲ್ಲಿ ಆ ಗಾಜಿಗೆ ಮಸುಕು ಕೊಡುವ ಆಯ್ಕೆಯನ್ನು ಆಪಲ್ ಸೇರಿಸಿತು. ಗಾಜು ಹೊಸದೂ ಅಲ್ಲ. ವಿಂಡೋಸ್ ವಿಸ್ತಾ 2007ರಲ್ಲಿಯೇ ‘ಏರೋ’ ಎಂದು ಅದನ್ನು ತೋರಿಸಿತ್ತು. ಆಪಲ್‌ನ ಐಒಎಸ್ 7 ಅದನ್ನು 2013ರಲ್ಲಿ ಇನ್ನೊಂದು ರೀತಿಯಲ್ಲಿ ತಂದಿತು. 2020ರ ಸುಮಾರಿಗೆ ‘ಗ್ಲಾಸ್‌ಮಾರ್ಫಿಸಂ’ ಎಂಬ ಉದ್ದನೆಯ ಹೆಸರಿನೊಂದಿಗೆ ಅದು ಮತ್ತೆ ಬಂತು. ಇಷ್ಟು ಸಲ ಬಂದದ್ದು ಇಷ್ಟು ಸಲ ಹೋಗಿದೆ ಎಂಬುದನ್ನು ಮಾತ್ರ ಯಾವ ಪಟ್ಟಿಯೂ ನೆನಪಿಸುವುದಿಲ್ಲ.

ಭಾರತದಲ್ಲಿ ನೂರು ಫೋನುಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಆಂಡ್ರಾಯ್ಡ್. ವೆಬ್ ಪುಟದಲ್ಲಿ ಗಾಜಿನ ಮಸುಕು ಬೇಕೆಂದರೆ ಪುಟ ಸರಿದಾಗಲೆಲ್ಲ ಹಿಂದಿನ ಚಿತ್ರವನ್ನು ಫೋನ್ ಹೊಸದಾಗಿ ಮಸುಕುಗೊಳಿಸಬೇಕು. ಕಡಿಮೆ ಬೆಲೆಯ ಫೋನಿಗೆ ಅದು ಭಾರ, ಪುಟ ತಡವರಿಸುತ್ತದೆ. ಮಂಡ್ಯ ಬಸ್ ನಿಲ್ದಾಣದ ಬಿಸಿಲಿನಲ್ಲಿ ನಿಂತು ಪರದೆಯ ಮೇಲೆ ಕೈ ಅಡ್ಡ ಹಿಡಿದು ಓದುವವನಿಗೆ ಅಕ್ಷರಕ್ಕೂ ಹಿನ್ನೆಲೆಗೂ ಅಂತರ ಬೇಕು. ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಈ ಅಂತರ ಕನಿಷ್ಠ 4.5ಕ್ಕೆ 1 ಇರಬೇಕೆಂದು ವೆಬ್ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಗಾಜಿನ ಹಿಂದೆ ಯಾವ ಚಿತ್ರ ಬರುತ್ತದೆ ಎಂದು ಮೊದಲೇ ಗೊತ್ತಿಲ್ಲದಿರುವಾಗ ಆ ಅಂತರಕ್ಕೆ ಯಾರೂ ಹೊಣೆಯಾಗಲಾರರು.

ಹಾಗಾದರೆ ಯಾವುದು ಉಳಿಯುತ್ತದೆ? ಹದಿನೈದು ವರ್ಷಗಳನ್ನು ಹಿಂದಿರುಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವೆಬ್ ವಿನ್ಯಾಸಕ ಈಥನ್ ಮಾರ್ಕಟ್ 2010ರ ಮೇ ತಿಂಗಳಲ್ಲಿ ಬರೆದ ಲೇಖನವೊಂದರಲ್ಲಿ ಒಂದೇ ಪುಟ ಎಲ್ಲ ಅಳತೆಯ ಪರದೆಗೂ ತನ್ನನ್ನು ಹೊಂದಿಸಿಕೊಳ್ಳುವ ವಿಧಾನವನ್ನು ವಿವರಿಸಿದರು. ಅದನ್ನೂ ಆಗ ಟ್ರೆಂಡ್ ಎಂದೇ ಕರೆದರು. ಅದು ಉಳಿಯಿತು, ಈಗ ಅದಕ್ಕೆ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಅಷ್ಟು ಸಹಜವಾಗಿದೆ. ಉಳಿದದ್ದಕ್ಕೆ ಕಾರಣ ಅದರ ಅಂದವಲ್ಲ, ಜನರ ಕೈಗೆ ಬಂದ ಫೋನು. ನಮ್ಮಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಅಂತರ್ಜಾಲವೆಂದರೆ ಮೊಬೈಲ್ ಎಂದೇ ಆಯಿತು. ಪುಟಗಳಲ್ಲಿ ಚಲಿಸುವ ಚಿತ್ರಗಳನ್ನೂ ಆಟಗಳನ್ನೂ ತೋರಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶ ಹೋದದ್ದು ಯಾರಿಗೋ ಬೇಸರ ಬಂದದ್ದರಿಂದಲ್ಲ. ಐಫೋನ್ ಅದನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ; 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆಯೇ ಅದಕ್ಕೆ ತೆರೆ ಎಳೆಯಿತು. ಕಪ್ಪು ಹಿನ್ನೆಲೆಯ ನೋಟ 2019ರಲ್ಲಿ ಐಒಎಸ್ 13 ಮತ್ತು ಆಂಡ್ರಾಯ್ಡ್ 10ರ ಒಳಗೇ ಸೇರಿಕೊಂಡಿತು, ಉಳಿಯಿತು. ಅದೇ ಕಾಲಕ್ಕೆ ಬಂದ, ಎಲ್ಲವೂ ಒಂದೇ ಬೂದು ಮೇಣದಿಂದ ಉಬ್ಬಿಬಂದಂತೆ ಕಾಣುವ ‘ನ್ಯೂಮಾರ್ಫಿಸಂ’ ಒಂದೆರಡು ವರ್ಷ ಮೆರೆದು ಅಡಗಿತು: ಯಾವುದು ಗುಂಡಿ, ಯಾವುದು ಗೋಡೆ ಎಂದು ತಿಳಿಯದ ವಿನ್ಯಾಸಕ್ಕೆ ಬೇರೆ ಗತಿಯೇನು? ಮೂರು ಗೆರೆಗಳ ಮೆನು ಗುರುತನ್ನು ನಾರ್ಮ್ ಕಾಕ್ಸ್ ಎಂಬವರು ಜೆರಾಕ್ಸ್ ಕಂಪನಿಯ ಸ್ಟಾರ್ ಕಂಪ್ಯೂಟರಿಗಾಗಿ ಬರೆದದ್ದು. ಆ ಯಂತ್ರ ಬಂದದ್ದು 1981ರಲ್ಲಿ. ಸಣ್ಣ ಪರದೆಯ ಕಷ್ಟ ಬರುವ ತನಕ ಅದು ಸುಮ್ಮನೆ ಕಾಯಿತು.

ಒಂದು ವಿಚಾರದ ಹಿಂದೆ ಯಂತ್ರವೋ, ಕಾನೂನೋ, ಹಣವೋ, ಓದುಗನ ಕೈಯ ಮಿತಿಯೋ ಇದ್ದರೆ ಅದನ್ನು ಎತ್ತಿಡಬಹುದು. ಹಿಂದೆ ಯಾವುದೂ ಇಲ್ಲದೆ ಮುಂದೆ ಚೆಲುವು ಮಾತ್ರ ಇದ್ದರೆ ನೋಡಿ ಸಂತೋಷಪಟ್ಟು ಬಿಟ್ಟುಬಿಡಬಹುದು. ಸಂತೋಷಪಡುವುದು ತಪ್ಪೇನಲ್ಲ.

ಎಲ್ಲ ಪುಟಗಳೂ ಒಂದೇ ಮುಖ

2025ರಲ್ಲಿ ಇನ್ನೊಂದು ಬದಲಾವಣೆ ಆಯಿತು, ಇದರ ಹಿಂದೆ ಯಂತ್ರವೂ ಇದೆ, ಹಣವೂ ಇದೆ. ಕೃತಕ ಬುದ್ಧಿಮತ್ತೆಯ ಸಂಶೋಧಕ ಆಂಡ್ರೆ ಕಾರ್ಪತಿ ಆ ವರ್ಷದ ಫೆಬ್ರುವರಿಯಲ್ಲಿ ‘ವೈಬ್ ಕೋಡಿಂಗ್’ ಎಂದು ಕರೆದದ್ದನ್ನು, ಅಂದರೆ ಬೇಕಾದ್ದನ್ನು ಮಾತಿನಲ್ಲಿ ಹೇಳಿ ಯಂತ್ರದಿಂದ ಕೋಡ್ ಬರೆಸುವುದನ್ನು, ವರ್ಷದ ಕೊನೆಯ ಹೊತ್ತಿಗೆ ಕಾಲೇಜು ವಿದ್ಯಾರ್ಥಿಗಳಿಂದ ಹಿಡಿದು ಅಂಗಡಿ ಮಾಲೀಕರ ಮಕ್ಕಳ ತನಕ ಎಲ್ಲರೂ ಮಾಡತೊಡಗಿದ್ದರು. ಹೀಗೆ ಹುಟ್ಟಿದ ಪುಟಗಳನ್ನು ಸಾಲಾಗಿ ನೋಡಿ: ನೇರಳೆ ಬಣ್ಣದ ಗುಂಡಿ, ನಡುವೆ ದೊಡ್ಡ ಶೀರ್ಷಿಕೆ, ಕೆಳಗೆ ದುಂಡು ಮೂಲೆಯ ಮೂರು ಪೆಟ್ಟಿಗೆಗಳು, ಒಂದೊಂದರಲ್ಲೂ ಒಂದು ಪುಟ್ಟ ಚಿಹ್ನೆ. ನೇರಳೆಗೆ ಒಂದು ಕಥೆಯಿದೆ. ಟೈಲ್‌ವಿಂಡ್ ಎಂಬ ಜನಪ್ರಿಯ ವಿನ್ಯಾಸ ಸಾಧನವನ್ನು ಮಾಡಿದವರು ತಮ್ಮ ಉದಾಹರಣೆಯ ಗುಂಡಿಗಳಿಗೆಲ್ಲ ಇಂಡಿಗೊ ಬಣ್ಣ ಕೊಟ್ಟಿದ್ದರು. ಲಕ್ಷಾಂತರ ಮಂದಿ ಅದನ್ನು ಹಾಗೆಯೇ ನಕಲು ಮಾಡಿದರು, ಆ ನಕಲುಗಳನ್ನು ಓದಿ ಯಂತ್ರಗಳು ಕಲಿತವು. ಅದರ ಕರ್ತೃ ಆ್ಯಡಂ ವಾಥನ್ 2025ರಲ್ಲಿ ಇದಕ್ಕಾಗಿ ತಮಾಷೆಯಾಗಿ ಕ್ಷಮೆಯನ್ನೂ ಕೇಳಿದರು.

ಸಯ್ಯಾಜಿರಾವ್ ರಸ್ತೆಯ ಸಿಹಿ ಅಂಗಡಿಗೂ ಸರಸ್ವತಿಪುರಂನ ದಂತವೈದ್ಯರಿಗೂ ಒಂದೇ ನೇರಳೆ ಮುಖ ಬಂದರೆ ನಷ್ಟ ಯಾರಿಗೆ? ಅಂಗಡಿಯವರಿಗೆ ಅಷ್ಟೇನಿಲ್ಲ. ಪುಟ ಅಗ್ಗವಾಗಿ ಸಿಕ್ಕಿತು, ಫೋನ್ ನಂಬರ್ ಕಾಣುತ್ತದೆ, ಸಾಕು. ಪೆಟ್ಟು ಬೀಳುವುದು ಇದೇ ಮುಖವನ್ನು ಇಷ್ಟು ದಿನ ಕೈಯಿಂದ ಮಾಡಿ ಹಣ ಪಡೆಯುತ್ತಿದ್ದ ಸಣ್ಣ ವಿನ್ಯಾಸಕರಿಗೆ. ಟ್ರೆಂಡ್ ಪಟ್ಟಿಯನ್ನು ಯಂತ್ರ ಅವರಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದೆ. ಯಂತ್ರಕ್ಕೆ ಸುಲಭವಾಗಿ ಸಿಗದಿರುವುದು ಈ ಊರಿನ ಗ್ರಾಹಕ ಯಾರು, ಅವನು ಎಲ್ಲಿ ಎಡವುತ್ತಾನೆ ಎಂಬ ತಿಳಿವು. ವಿನ್ಯಾಸಕರ ಸಂಗ್ರಹದಲ್ಲಿ ಇರಬೇಕಾದದ್ದು ಅದು.

ಪುಟ ಕಟ್ಟಿದ ಮೇಲೂ ಓದುಗ ಬರುತ್ತಾನೆಯೇ ಎಂಬುದು ಬೇರೆಯೇ ಪ್ರಶ್ನೆ. ಗೂಗಲ್ ತನ್ನ ಯಂತ್ರರಚಿತ ಸಾರಾಂಶಗಳನ್ನು ಅಮೆರಿಕದಲ್ಲಿ 2024ರ ಮೇ ತಿಂಗಳಲ್ಲಿ, ಭಾರತದಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲಿ ತಂದಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾರಾಂಶ ಕಂಡಾಗ ಅಲ್ಲಿನ ಬಳಕೆದಾರರು ಕೆಳಗಿನ ಕೊಂಡಿಯನ್ನು ಒತ್ತಿದ್ದು ನೂರಕ್ಕೆ 8 ಸಲ. ಸಾರಾಂಶ ಇಲ್ಲದಿದ್ದಾಗ 15 ಸಲ. ಮೈಸೂರಿಗೆ ಬರುವ ಪ್ರವಾಸಿ ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಸಾಲಿನವು: ಮೃಗಾಲಯಕ್ಕೆ ಯಾವ ದಿನ ರಜೆ, ಅರಮನೆಯ ದೀಪ ಯಾವಾಗ ಹಚ್ಚುತ್ತಾರೆ. ಮಂಗಳವಾರ ಮೃಗಾಲಯಕ್ಕೆ ರಜೆ ಎಂಬ ಉತ್ತರ ಮೇಲೆಯೇ ಸಿಕ್ಕಿದ ಮೇಲೆ ಅದನ್ನು ಬರೆದಿಟ್ಟ ಪುಟಕ್ಕೆ ಯಾರೂ ಹೋಗುವುದಿಲ್ಲ. ಹೀಗಿರುವಾಗ ಮಾಹಿತಿ ತುಂಬಿದ ಪುಟಗಳಿಗಿಂತ ಕೆಲಸ ಆಗುವ ಪುಟಗಳಿಗೆ ಬೆಲೆ: ಕೋಣೆ ಕಾಯ್ದಿರಿಸುವುದು, ವೈದ್ಯರ ಸಮಯ ಪಡೆಯುವುದು, ಬೆಲ್ಲಕ್ಕೆ ಯುಪಿಐನಲ್ಲಿ ಹಣ ಕಟ್ಟುವುದು. ಓದಿಸುವ ಪುಟಕ್ಕಿಂತ ಮಾಡಿಸುವ ಪುಟದಲ್ಲಿ ಭಾಷೆಯ ತೊಡಕು ಹೆಚ್ಚು. ಅದಕ್ಕೇ ಮುಂದಿನದು.

ಲಿಪಿಯ ಲೆಕ್ಕ

ಟೆಂಪ್ಲೇಟುಗಳೆಲ್ಲ ಲ್ಯಾಟಿನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಶೀರ್ಷಿಕೆಯಲ್ಲಿ ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.1 ಪಟ್ಟೋ 1.2 ಪಟ್ಟೋ ಇಟ್ಟಿರುತ್ತಾರೆ. ಅಲ್ಲಿ ‘ರಾಷ್ಟ್ರೀಯ ಸ್ತ್ರೀರೋಗ ತಜ್ಞರ ಸಮ್ಮೇಳನ’ ಎಂದು ಎರಡು ಸಾಲಿನಲ್ಲಿ ಬರೆದು ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. ಗುಂಡಿಯ ಎತ್ತರವನ್ನು ಗಟ್ಟಿಯಾಗಿ ನಿಗದಿ ಮಾಡಿದ್ದರೆ ಒತ್ತಿನ ಕೆಳ ಅರ್ಧವೇ ಕತ್ತರಿಸಿಹೋಗುತ್ತದೆ. ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸುವುದು ಈಚಿನ ಭಾರೀ ಶೀರ್ಷಿಕೆಗಳ ಚಾಳಿ. ಕನ್ನಡದಲ್ಲಿ ಹಾಗೆ ಮಾಡಿದರೆ ಒಂದರ ಬಾಲ ಇನ್ನೊಂದರ ಹೊಟ್ಟೆಗೆ ಸೇರುತ್ತದೆ. ಇಂಗ್ಲಿಷಿನವರು ಸಣ್ಣ ತಲೆಬರಹಗಳನ್ನು ದೊಡ್ಡಕ್ಷರದಲ್ಲಿ ಬರೆದು ಬೇರೆಯಾಗಿ ತೋರಿಸುತ್ತಾರೆ. ನಮಗೆ ದೊಡ್ಡಕ್ಷರವೂ ಇಲ್ಲ, ಓರೆಯಕ್ಷರದ ಪರಂಪರೆಯೂ ಇಲ್ಲ. ಬ್ರೌಸರ್ ಬಲವಂತವಾಗಿ ಓರೆ ಮಾಡಿದ ಕನ್ನಡ ಗಾಳಿಗೆ ವಾಲಿದ ಫಲಕದಂತೆ ಕಾಣುತ್ತದೆ.

ದಪ್ಪದ ಕಥೆ ಇನ್ನೂ ಸೂಕ್ಷ್ಮ. ಫಾಂಟಿನಲ್ಲಿ ದಪ್ಪ ಅಕ್ಷರಗಳೇ ಇಲ್ಲದಿದ್ದರೆ ಬ್ರೌಸರ್ ತೆಳುವಾದದ್ದನ್ನೇ ಉಬ್ಬಿಸುತ್ತದೆ. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ನಮ್ಮ ಲಿಪಿಯಲ್ಲಿ ಹಲವೆಡೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಉಬ್ಬಿದ ಅಕ್ಷರದಲ್ಲಿ, ಮಸುಕು ಗಾಜಿನ ಮೇಲೆ, ಸಣ್ಣ ಪರದೆಯಲ್ಲಿ ಆ ಸೀಳು ಮುಚ್ಚಿಹೋಗಿ ದನವೂ ಧನವೂ ಒಂದಾಗುತ್ತವೆ. ಈಗ ಪರಿಸ್ಥಿತಿ ಮೊದಲಿನಷ್ಟು ಕೆಟ್ಟದಾಗಿಲ್ಲ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡದಂತಹ ಉಚಿತ ಫಾಂಟುಗಳು ತೆಳುವಿನಿಂದ ದಪ್ಪದ ತನಕ ಹಲವು ತೂಕಗಳಲ್ಲಿ ಸಿಗುತ್ತವೆ. ‘ಬಲೂ ತಮ್ಮ’ ಎಂಬ ಫಾಂಟಿನಂತಹ ಗುಂಡುಗುಂಡಾದ ಶೀರ್ಷಿಕೆಯ ಅಕ್ಷರಗಳೂ ಇವೆ. ಆದರೂ ಲ್ಯಾಟಿನ್‌ಗೆ ಇರುವ ಆಯ್ಕೆಯ ಮುಂದೆ ಇದು ತೀರಾ ಕಡಿಮೆ.

ಅಕ್ಷರಗಳು ಒಂದೊಂದಾಗಿ ಹಾರಿ ಬಂದು ಕೂರುವ ಶೀರ್ಷಿಕೆಯ ಆಟವನ್ನು ನೀವು ನೋಡಿರುತ್ತೀರಿ. ಕಂಪ್ಯೂಟರುಗಳು ಲಿಪಿಗಳನ್ನು ಸಂಕೇತಗಳಾಗಿ ಇಟ್ಟುಕೊಳ್ಳುವ ಯೂನಿಕೋಡ್‌ನಲ್ಲಿ ‘ಮೈಸೂರು’ ಎಂಬುದು ಆರು ಸಂಕೇತಗಳು, ಓದುವವನಿಗೆ ಮೂರು ಅಕ್ಷರಗಳು. ‘ಮಂಡ್ಯ’ ಐದು ಸಂಕೇತಗಳು, ಎರಡು ಅಕ್ಷರಗಳು. ಅಕ್ಷರದ ಬದಲು ಸಂಕೇತವನ್ನು ಎಣಿಸುವ ಕೋಡು ‘ಮ’ವನ್ನು ಮೊದಲು ಎಸೆದು, ಐತ್ವವನ್ನು ಚುಕ್ಕಿ ವೃತ್ತದ ಮೇಲೆ ನೇತುಹಾಕಿ ಆಮೇಲೆ ಎಸೆಯುತ್ತದೆ. ಇಂಗ್ಲಿಷ್ ಪುಟದಲ್ಲಿ ಬಹುಮಾನ ಪಡೆಯುವ ಚಮತ್ಕಾರ ಕನ್ನಡ ಪುಟದಲ್ಲಿ ಅಚ್ಚಿನ ದೋಷದಂತೆ ಕಾಣುವುದು ಹೀಗೆ.

ಇನ್ನು ಪದದ ಉದ್ದ. ‘ಸೈನ್ ಅಪ್’ ಎಂದಿದ್ದ ಗುಂಡಿಗೆ ‘ನೋಂದಾಯಿಸಿಕೊಳ್ಳಿ’ ಎಂದು ತುಂಬಿದರೆ ಅದು ಪೆಟ್ಟಿಗೆಯಿಂದ ಹೊರಗೆ ಚಾಚುತ್ತದೆ. ಅಕ್ಷರ ಚಿಕ್ಕದು ಮಾಡುವುದು ಸೋಮಾರಿಯ ಪರಿಹಾರ. ‘ಸೇರಿ’ ಎಂದರೆ ಸಾಕಲ್ಲ? ‘ಮುಂಗಡವಾಗಿ ಕಾಯ್ದಿರಿಸಿ’ ಎನ್ನುವ ಕಡೆ ‘ಕೋಣೆ ಬೇಕು’ ಎನ್ನಬಹುದು. ಕನ್ನಡದ ವೆಬ್ ವಿನ್ಯಾಸದಲ್ಲಿ ಅರ್ಧ ಪಾಲು ಇಂತಹ ಬರವಣಿಗೆಯ ಕೆಲಸ. ಅದನ್ನು ಅನುವಾದಕರಿಗೆ ಕೊನೆಯ ದಿನ ಕಳುಹಿಸುವ ರೂಢಿ ನಿಲ್ಲುವ ತನಕ ನಮ್ಮ ಪುಟಗಳು ಸರಕಾರಿ ಸುತ್ತೋಲೆಯ ಧಾಟಿಯಲ್ಲಿಯೇ ಮಾತನಾಡುತ್ತವೆ.

ಎತ್ತಿಡುವ ಬಗೆ

ಇಂತಹ ಸೂಕ್ಷ್ಮಗಳನ್ನೆಲ್ಲ ಎಲ್ಲಿ ಬರೆದಿಡಬೇಕು? ಹೆಚ್ಚಿನ ವಿನ್ಯಾಸಕರ ಸಂಗ್ರಹವೆಂದರೆ ಫೋನಿನಲ್ಲಿ ತುಂಬಿಕೊಂಡ ಸ್ಕ್ರೀನ್‌ಶಾಟ್‌ಗಳು, ಪಿಂಟರೆಸ್ಟ್‌ನ ಕೆಲವು ಫಲಕಗಳು, ಬ್ರೌಸರಿನಲ್ಲಿ ಗುರುತು ಹಾಕಿದ ಕೊಂಡಿಗಳು, ‘ಆಮೇಲೆ ನೋಡೋಣ’ ಎಂದು ತಮಗೆ ತಾವೇ ಕಳುಹಿಸಿಕೊಂಡ ವಾಟ್ಸ್ಆ್ಯಪ್ ಸಂದೇಶಗಳು. ಇವುಗಳಲ್ಲಿ ಕೊಂಡಿಯೇ ಅತಿ ದುರ್ಬಲ. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು 2023ರ ಅಕ್ಟೋಬರ್ ಹೊತ್ತಿಗೆ ಸಿಗದಂತಾಗಿದ್ದವು ಎಂದು ಪ್ಯೂ ಕೇಂದ್ರದ ಇನ್ನೊಂದು ಅಧ್ಯಯನ ಹೇಳುತ್ತದೆ. ಕೊಂಡಿಗಳನ್ನು ಕಾಯುವ ಸೇವೆಗಳೂ ಸಾಯುತ್ತವೆ. ಗೂಗಲ್ ರೀಡರ್ 2013ರ ಜುಲೈನಲ್ಲಿ ಹೋಯಿತು. ಲೇಖನಗಳನ್ನು ಕೂಡಿಡಲು ಜಗತ್ತೆಲ್ಲ ಬಳಸುತ್ತಿದ್ದ ಪಾಕೆಟ್ ಅನ್ನು ಮೊಜಿಲ್ಲಾ 2017ರಲ್ಲಿ ಕೊಂಡುಕೊಂಡು 2025ರ ಜುಲೈ 8ರಂದು ಮುಚ್ಚಿತು. ಆದ್ದರಿಂದ ಚಿತ್ರವನ್ನೂ ಟಿಪ್ಪಣಿಯನ್ನೂ ಸಾದಾ ಕಡತವಾಗಿ ನಮ್ಮ ಯಂತ್ರದಲ್ಲೇ ಇಟ್ಟುಕೊಳ್ಳುವುದು ಕ್ಷೇಮ. ಪುಟ ಮುಖ್ಯವಾಗಿದ್ದರೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಒಂದು ಪ್ರತಿ ಉಳಿಸಿಡಲೂಬಹುದು.

ಆದರೆ ಇಟ್ಟದ್ದು ಸಿಗಬೇಕಲ್ಲ. ಫೋಲ್ಡರ್‌ಗಳಿಗೆ ‘ಸರಳ’, ‘ವರ್ಣಮಯ’, ‘2024’ ಎಂದು ಹೆಸರಿಟ್ಟವರ ಗತಿ ಎಲ್ಲರಿಗೂ ಗೊತ್ತು: ಒಂದೇ ಚಿತ್ರ ಮೂರು ಕಡೆಗೂ ಸಲ್ಲುತ್ತದೆ, ಬೇಕಾದಾಗ ಒಂದು ಕಡೆಯೂ ಸಿಗುವುದಿಲ್ಲ. ಗ್ರಂಥಾಲಯಗಳಲ್ಲಿ ಇದು ಹಳೆಯ ಸಮಸ್ಯೆ. ಒಂದು ಪುಸ್ತಕವನ್ನು ಒಂದೇ ಗೂಡಿಗೆ ತಳ್ಳುವ ಬದಲು ಅದನ್ನು ಹಲವು ಮುಖಗಳಿಂದ ವಿವರಿಸಬೇಕು ಎಂಬ ವಿಚಾರವನ್ನು ಎಸ್.ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣದ ಮೂಲಕ ಮುಂದಿಟ್ಟರು. ಆ ಮುಖಗಳನ್ನು ಮುಂದೆ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದಕ್ಕೆ ಇಳಿಸಿದರು. ಗ್ರಂಥಾಲಯ ವಿಜ್ಞಾನಕ್ಕಾಗಿ ಅವರು 1962ರಲ್ಲಿ ಕಟ್ಟಿದ ಡಿಆರ್‌ಟಿಸಿ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ. ವೆಬ್ ವಿನ್ಯಾಸಕರು ತಂತ್ರಾಂಶದ ಟ್ಯಾಗುಗಳನ್ನು ಹೊಸ ಆವಿಷ್ಕಾರವೆಂದು ಹೊಗಳುವಾಗ ಈ ಹೆಸರನ್ನು ಯಾರಾದರೂ ನೆನಪಿಸಬೇಕು.

ಈ ಐದನ್ನು ನಮ್ಮ ಕೆಲಸಕ್ಕೆ ಒಗ್ಗಿಸಿಕೊಳ್ಳುವುದು ಕಷ್ಟವಲ್ಲ. ಯಾರಿಗಾಗಿ ಮಾಡಿದ್ದು, ಒಳಗಿರುವ ಸರಕು ಯಾವುದು, ಓದುಗನಿಂದ ಏನು ಮಾಡಿಸುತ್ತದೆ, ಯಾವ ಪರದೆ ಮತ್ತು ಯಾವ ಭಾಷೆಯಲ್ಲಿ, ಯಾವ ಸಂದರ್ಭದಲ್ಲಿ. ಒಂದು ರೈಲು ವೇಳಾಪಟ್ಟಿಯ ಪುಟ ಯಾರಿಗೋ ಇಷ್ಟವಾಯಿತು ಎಂದುಕೊಳ್ಳಿ. ‘ಸರಳ’ ಎಂಬ ಫೋಲ್ಡರಿಗೆ ಹಾಕಿದರೆ ಅದು ಅಲ್ಲಿಗೆ ಸಮಾಧಿ. ಬದಲಾಗಿ ಹೀಗೆ ಬರೆದಿಡಿ: ಆತುರದಲ್ಲಿರುವ, ಕನ್ನಡಕ ಮರೆತು ಬಂದಿರಬಹುದಾದ ಓದುಗ; ಸರಕು ಸಮಯದ ಪಟ್ಟಿ; ಕೆಲಸ ನೂರು ಸಾಲಿನಲ್ಲಿ ತನ್ನದೊಂದನ್ನು ಹುಡುಕುವುದು; ಸಣ್ಣ ಪರದೆ; ಈಗಿನ ಗಂಟೆಗೆ ಹತ್ತಿರದ ಸಾಲು ತಾನಾಗಿಯೇ ಮೇಲೆ ಬರುತ್ತದೆ. ಮುಂದೊಂದು ದಿನ ಮೈಸೂರಿನ ನರ್ಸಿಂಗ್ ಹೋಂ ಒಂದು ತನ್ನ ವೈದ್ಯರ ಹೊರರೋಗಿ ವೇಳೆಯನ್ನು ಪುಟದಲ್ಲಿ ಹಾಕಲು ಕೇಳಿದಾಗ ‘ಸಮಯದ ಪಟ್ಟಿ’ ಎಂದು ಹುಡುಕಿದರೆ ರೈಲು ಬಂದು ನಿಲ್ಲುತ್ತದೆ. ಎರಡಕ್ಕೂ ಬಣ್ಣದಲ್ಲಿ, ಅಕ್ಷರದಲ್ಲಿ, ದೇಶದಲ್ಲಿ ಸಂಬಂಧವಿಲ್ಲ. ಓದುಗನ ಅವಸರ ಮಾತ್ರ ಒಂದೇ.

ಚಿತ್ರದ ಜೊತೆಗೆ ಮಾತು ಇರಲೇಬೇಕು ಎಂಬುದಕ್ಕೆ ಮೈಸೂರಿನಲ್ಲಿಯೇ ಒಳ್ಳೆಯ ಮಾದರಿಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೇ ಶತಮಾನದಲ್ಲಿ ಸಿದ್ಧಗೊಳಿಸಿದ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳಲ್ಲಿ ಹರಡಿದ ಚಿತ್ರಕೋಶ. ದೇವತೆಯ ಚಿತ್ರದ ಜೊತೆಗೆ ಧ್ಯಾನಶ್ಲೋಕ ಇರುತ್ತದೆ: ಎಷ್ಟು ಕೈ, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು. ಶ್ಲೋಕ ಗೊತ್ತಿದ್ದ ಚಿತ್ರಕಾರ ಮೂಲ ಚಿತ್ರವನ್ನು ನೋಡದೆಯೂ ಆ ರೂಪವನ್ನು ಮತ್ತೆ ಬರೆಯಬಲ್ಲ. ನಮ್ಮ ಸ್ಕ್ರೀನ್‌ಶಾಟ್‌ಗಳ ಕೆಳಗೆ ಬರಬೇಕಾದ ಟಿಪ್ಪಣಿಯೂ ಆ ಜಾತಿಯದು. ‘ಚೆನ್ನಾಗಿದೆ’ ಎಂದು ಬರೆದರೆ ಅದು ಶ್ಲೋಕವಾಗುವುದಿಲ್ಲ. ಎಂಟು ನಿಧಿಗಳನ್ನು ದೇವತೆಗಳಿಗೂ ಗ್ರಹಗಳಿಗೂ ಆಗಮಕ್ಕೂ ಹಂಚಿದ ಮೇಲೆ ಕೌತುಕನಿಧಿ ಎಂಬುದೊಂದನ್ನು ಬೇರೆಯಾಗಿ ಇಟ್ಟರಲ್ಲ, ಗಂಜೀಫಾ ಎಲೆಗಳೂ ಯೋಗಾಸನಗಳೂ ಅಲ್ಲಿ ಸೇರಿದವಲ್ಲ, ಅದು ನನಗೆ ಬಹಳ ಹಿಡಿಸಿದ ಜಾಣತನ. ಯಾವ ವರ್ಗಕ್ಕೂ ಒಗ್ಗದ ವಿಚಾರಗಳಿಗೆ ಹೊಟ್ಟೆ ದೊಡ್ಡದಾದ ಒಂದು ಗೂಡು ಎಲ್ಲ ಸಂಗ್ರಹದಲ್ಲೂ ಇರಬೇಕು. ದೇವರಾಜ ಮಾರುಕಟ್ಟೆಯ ಕುಂಕುಮದ ಗುಡ್ಡೆಗಳ ಸಾಲು, ಹಳೆಯ ಬೀಟೆ ಮರದ ಕೆತ್ತನೆಯಲ್ಲಿ ಎರಡು ಬಣ್ಣದ ನಡುವಿನ ಗೆರೆ, ಖಾಸಗಿ ಬಸ್ಸಿನ ಹಣೆಯ ಮೇಲಿನ ಕೈಬರಹದ ಕನ್ನಡ: ಎಲ್ಲಿ ಉಪಯೋಗವೆಂದು ಇವತ್ತು ಹೇಳಲಾಗದ ಇವಕ್ಕೆ ಅಲ್ಲಿ ಜಾಗ ಸಿಗಲಿ.

ಸಂಗ್ರಹವನ್ನು ಯಾವಾಗ ತಿರುವಿಹಾಕಬೇಕು ಎಂಬುದರಲ್ಲೂ ನಾವು ಹೊರಗಿನ ಪಂಚಾಂಗವನ್ನು ನಂಬಿದ್ದೇವೆ. ಮೈಸೂರಿನ ವೆಬ್ ವರ್ಷ ಡಿಸೆಂಬರ್‌ಗೆ ಮುಗಿಯುವುದಿಲ್ಲ. ಹೋಂಸ್ಟೇ, ಹೋಟೆಲ್, ಟ್ಯಾಕ್ಸಿಗಳ ಪುಟಗಳಿಗೆ ಅದು ದಸರೆಯಿಂದ ದಸರೆಗೆ ಓಡುತ್ತದೆ; ಕಾಲೇಜುಗಳ ಪುಟಗಳಿಗೆ ಪಿಯು ಫಲಿತಾಂಶ ಮತ್ತು ಸಿಇಟಿಯ ಸುತ್ತ; ಮಂಡ್ಯದ ಬೆಲ್ಲ, ಕಬ್ಬಿನ ವ್ಯಾಪಾರಕ್ಕೆ ಆಲೆಮನೆಗಳ ಹಂಗಾಮಿನ ಸುತ್ತ. 2025ರ ದಸರೆ ಶುರುವಾದದ್ದು ಸೆಪ್ಟೆಂಬರ್ 22ಕ್ಕೆ, ಆಪಲ್‌ನ ಗಾಜು ಬಂದ ಒಂದು ವಾರಕ್ಕೆ. ಆ ಹೊತ್ತಿನಲ್ಲಿ ಹೋಂಸ್ಟೇ ಪುಟವನ್ನು ಗಾಜಿನದ್ದಾಗಿ ಬದಲಿಸಲು ಹೊರಟವರಿಗಿಂತ ಜನ ಪುಟದಲ್ಲಿ ಎಲ್ಲಿಯ ತನಕ ಬಂದು ಕೋಣೆ ಹಿಡಿಯದೆ ಹಿಂದಿರುಗಿದರು ಎಂದು ಬರೆದಿಟ್ಟವರ ಬಳಿ ಈಗ ಮುಂದಿನ ವರ್ಷಕ್ಕೆ ಬೇಕಾದ ಸಾಮಗ್ರಿ ಇದೆ. ಜನಸಂದಣಿ ತಗ್ಗಿದ ವಾರದಲ್ಲಿ ಕುಳಿತು, ಕಳೆದ ವರ್ಷದ ಸಂಗ್ರಹದಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದರ ಟಿಪ್ಪಣಿಯಲ್ಲಿ ಕಾರಣದ ಜಾಗವೇ ಖಾಲಿ ಇದೆ ಎಂದು ನೋಡಿ ಖಾಲಿ ಇರುವುದನ್ನು ಅಳಿಸಿದರೆ ವರ್ಷದ ಅವಲೋಕನ ಮುಗಿಯಿತು.

ಟ್ರೆಂಡ್ ಪಟ್ಟಿಗಳು ಮುಟ್ಟದ ಇನ್ನೊಂದು ಭಾಗ ಕಾನೂನು. ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಹೆಸರಿಸಿತು. ಇಲ್ಲದ ಅವಸರ ಹುಟ್ಟಿಸುವುದು, ಬುಟ್ಟಿಗೆ ಕೇಳದ ವಸ್ತು ಸೇರಿಸುವುದು, ಕೊನೆಯ ಹಂತದಲ್ಲಿ ದರ ಏರಿಸುವುದು, ಬೇಡ ಎಂದವರನ್ನು ನಾಚಿಸುವುದು ಎಲ್ಲವೂ ಅದರಲ್ಲಿವೆ. ದಸರೆಯ ವಾರದಲ್ಲಿ ‘ಇನ್ನೊಂದೇ ಕೋಣೆ ಉಳಿದಿದೆ’ ಎಂದು ಸುಳ್ಳೇ ಮಿನುಗಿಸುವ ಪುಟ ಈಗ ಬರೀ ಕೆಟ್ಟ ಅಭಿರುಚಿಯಾಗಿ ಉಳಿದಿಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಂದಿಗೆ ಬೆಸೆಯಿತು. ಆ್ಯಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿದೋಷವುಳ್ಳವರು ಕೆವೈಸಿ ಪ್ರಕ್ರಿಯೆಯಲ್ಲಿ ಎದುರಿಸಿದ ಅಡ್ಡಿಗಳ ಪ್ರಕರಣವದು. ಬಣ್ಣದ ಅಂತರ, ಗುಂಡಿಯ ಅಳತೆ, ಪರದೆ ಓದುವ ತಂತ್ರಾಂಶಕ್ಕೆ ಅರ್ಥವಾಗುವ ಹೆಸರುಗಳು ವಿನ್ಯಾಸಕರ ಔದಾರ್ಯವೆಂದು ತಿಳಿಯುವ ಕಾಲ ಮುಗಿಯುತ್ತಿದೆ.

ಕನ್ನಡದ ಮಟ್ಟಿಗೆ ಎಲ್ಲಕ್ಕಿಂತ ಹತ್ತಿರದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆ. ಹೆಸರು, ಫೋನ್ ನಂಬರ್ ಕೇಳುವ ಮೊದಲು ಏಕೆ ಕೇಳುತ್ತಿದ್ದೇವೆ ಎಂಬ ಸೂಚನೆಯನ್ನು ಕೊಡಬೇಕು. ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಕನ್ನಡ ಆ ಪರಿಚ್ಛೇದದಲ್ಲಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಸೂಚನೆಗೆ ಸಂಬಂಧಿಸಿದ ಭಾಗ ಜಾರಿಯಾಗಲು 18 ತಿಂಗಳ ಅವಕಾಶವಿದೆ. ಎಂದರೆ 2027ರ ಮೇ ಹೊತ್ತಿಗೆ ನರ್ಸಿಂಗ್ ಹೋಂ, ಕೋಚಿಂಗ್ ಕೇಂದ್ರ, ಹೋಂಸ್ಟೇಗಳ ಪುಟಗಳಲ್ಲಿ ಓದಲಾಗುವಂತಹ ಕನ್ನಡದ ಸೂಚನೆ ಬೇಕಾಗುತ್ತದೆ: ಸಣ್ಣ ಪರದೆಯಲ್ಲಿ, ಒತ್ತಕ್ಷರ ಕತ್ತರಿಸದೆ, ‘ಒಪ್ಪುತ್ತೇನೆ’ ಮತ್ತು ‘ಒಪ್ಪುವುದಿಲ್ಲ’ ಎರಡೂ ಒಂದೇ ಅಳತೆಯ ಗುಂಡಿಗಳಲ್ಲಿ. ಇದಕ್ಕೆ ಒಳ್ಳೆಯ ಕನ್ನಡ ಮಾದರಿ ಎಲ್ಲಾದರೂ ಕಂಡರೆ ಅದನ್ನು ಇವತ್ತೇ ಎತ್ತಿಡಿ. ಕಾಣದಿದ್ದರೆ ಮೈಸೂರಿನ ಯಾವುದಾದರೂ ಮಹಡಿಯ ಮೇಲೆ ಕುಳಿತವರು ಮಾಡಬಹುದು, ಇನ್ನೂ ಸಮಯವಿದೆ.